ಯಾವ ರಿಜಿಸ್ಟರಿನಲ್ಲೂ ಇಲ್ಲದ ಭಾರ

ನಾನು ನರ್ಸಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಬೆಳ್ತಂಗಡಿಯ ಒಳಹಳ್ಳಿಗಳಲ್ಲಿ ಅಡಿಕೆ ಮರದಿಂದ ಬಿದ್ದವರನ್ನು ನಾಲ್ಕು ಮಂದಿ ಕಂಬಳಿ ಜೋಲಿಯಲ್ಲಿ ರಸ್ತೆಯವರೆಗೆ ಹೊತ್ತು ತರುತ್ತಿದ್ದರು. ಅಲ್ಲಿಂದ ಮುಂದೆ ಜೀಪು. ವಾರ್ಡಿಗೆ ಮುಟ್ಟಿದ ಮೇಲೆ ಆ ನಾಲ್ವರ ಹೊರೆ ನಮ್ಮ ಕೈಗೆ. ಬೆನ್ನು ಮುರಿದವರನ್ನು ತಿರುಚದೆ, ದಿಮ್ಮಿ ಉರುಳಿಸಿದ ಹಾಗೆ ಹೊರಳಿಸಬೇಕು, ಅದಕ್ಕೆ ಮೂರು-ನಾಲ್ಕು ಜನ ಬೇಕು ಎಂದು ನರ್ಸಿಂಗ್ ಶಾಲೆಯಲ್ಲಿ ಕಲಿಸಿದ್ದರು. ರಾತ್ರಿ ಪಾಳಿಯಲ್ಲಿ ಇರುತ್ತಿದ್ದದ್ದು ನಾನು ಮತ್ತು ಒಬ್ಬ ಆಯಾ. ರೋಗಿಯ ಮನೆಯವರನ್ನು ನಿದ್ದೆಯಿಂದ ಎಬ್ಬಿಸಿ ಕೈಜೋಡಿಸಲು ಹೇಳುತ್ತಿದ್ದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ, ಬಿಡುವಂತಿಲ್ಲ.

ಮಂಚವೋ ಕಬ್ಬಿಣದ್ದು, ನನ್ನ ಮೊಣಕಾಲಿಗಿಂತ ತುಸು ಎತ್ತರ, ಏರಿಸಲು ಇಳಿಸಲು ಬಾರದ್ದು. ಇಡೀ ಪಾಳಿ ಬಗ್ಗಿಯೇ ಕೆಲಸ. ಆಗ ಗ್ಲೂಕೋಸು ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು; ಆ ಪೆಟ್ಟಿಗೆ ಎತ್ತುವುದೂ ಆಕ್ಸಿಜನ್ ಸಿಲಿಂಡರನ್ನು ಓರೆ ಮಾಡಿ ಉರುಳಿಸುವುದೂ ನಾವೇ.

ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆ ಹೊಸದೇನಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರದ್ದು. ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧಾಲಯ ತೆರೆದದ್ದು 1880ರಲ್ಲಿ. ಹೆರಿಗೆಯ ಲೇಡಿ ಗೋಷನ್ 1932ರಲ್ಲಿ. ‘ಸಿಸ್ಟರ್’ ಎಂಬ ಹೆಸರು ನಮಗೆ ಧರ್ಮಭಗಿನಿಯರಿಂದ ಬಂತು, ಅದರ ಜೊತೆಗೆ ‘ಸೇವೆ’ ಎಂಬ ಮಾತೂ ಬಂತು. ಆ ಮಾತಿನ ಮೇಲೆ ನನಗೆ ಇಂದಿಗೂ ಗೌರವವಿದೆ. ಆದರೆ ಸೇವೆಗೆ ಯಾರೂ ತೂಕ ಹಾಕಲಿಲ್ಲ. ಜ್ವರ ಎಷ್ಟು, ಮೂತ್ರ ಎಷ್ಟು, ಕೊಟ್ಟ ಮಾತ್ರೆ ಯಾವುದು, ಎಲ್ಲಕ್ಕೂ ರಿಜಿಸ್ಟರಿತ್ತು. ಒಂದು ರಾತ್ರಿಗೆ ಎಷ್ಟು ಜನರನ್ನು ಎತ್ತಿದೆವು ಎಂದು ಬರೆಯುವ ಜಾಗ ಎಲ್ಲೂ ಇರಲಿಲ್ಲ.

ದೇಶದಲ್ಲಿ ದಾದಿಯರ ಕೊರತೆ ವಿಪರೀತ ಎಂದು ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. 1947ರಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ಕೌನ್ಸಿಲಿನ ಲೆಕ್ಕ. ನಾನು ರಾತ್ರಿ ನೋಡಿಕೊಂಡದ್ದು ಮೂವತ್ತು ಮಂಚ.

ನನ್ನ ಜೊತೆ ಕಲಿತವಳೊಬ್ಬಳು ಇಂಗ್ಲೆಂಡಿಗೆ ಹೋದಳು. ಅಲ್ಲಿ ಭಾರ ಎತ್ತುವುದಕ್ಕೇ 1992ರಲ್ಲಿ ನಿಯಮ ಮಾಡಿದ್ದಾರೆ. ಅಪಾಯವಿರುವ ಎತ್ತುವಿಕೆಯನ್ನು ಆದಷ್ಟು ತಪ್ಪಿಸುವುದು ಕೆಲಸ ಕೊಟ್ಟವರ ಹೊಣೆ. ರೋಗಿಯನ್ನು ಯಂತ್ರ ಎತ್ತುತ್ತದೆ ಎಂದು ಅವಳು ಫೋನಿನಲ್ಲಿ ಹೇಳಿದಾಗ ನಾನು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಕುಳಿತಿದ್ದೆ.

ನನ್ನ ಅಮ್ಮನಿಗೂ ಸೊಂಟ ನೋವಿತ್ತು. ಗುಡ್ಡೆಯಿಂದ ಹಟ್ಟಿಗೆ ಸೊಪ್ಪಿನ ಹೊರೆ ಹೊತ್ತವಳು. ರಾತ್ರಿ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದುಕೊಂಡು, ಬೆಳಿಗ್ಗೆ ಪುನಃ ಗುಡ್ಡೆಗೆ. ನಾನೂ ಹಾಗೆಯೇ ನೋವಿನ ಮಾತ್ರೆ ನುಂಗಿ ಡ್ಯೂಟಿಗೆ ಹೋದೆ, ರಜೆ ಕೇಳಲಿಲ್ಲ. ಅದು ತಪ್ಪು ಎಂದು ಈಗ ಅನ್ನಿಸುತ್ತದೆ.

ಆಸ್ಪತ್ರೆ ನಡೆಸುವವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಸಲ ಮಂಚ ಕೊಳ್ಳುವಾಗ ಏರಿಸಿ ಇಳಿಸಲು ಬರುವಂಥದ್ದನ್ನು ಕೊಳ್ಳಿ. ರಾತ್ರಿ ಪಾಳಿಗೆ ಇನ್ನೊಬ್ಬಳನ್ನು ಹಾಕಿ.