ದೈವ ಎಲ್ಲಿ ಕೂಡಬೇಕು?

2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಮೊದಲ ವಾರದೊಳಗೆ ಉತ್ತರ ಕರ್ನಾಟಕದ ನೂರಾರು ಹಳ್ಳಿಗಳನ್ನು ಕೆಡವಿ ಹಾಕಿತು. ಮಲಪ್ರಭೆಯ ದಂಡೆಯ ಊರುಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳು ನೆನೆದು ಕುಸಿದವು. ಸರ್ಕಾರ 'ಆಸರೆ' ಯೋಜನೆ ತಂದಿತು. ಎತ್ತರದ ಜಾಗದಲ್ಲಿ ಹೊಸ ಊರು, ದಾನಿಗಳ ಹಣದಲ್ಲಿ ಸಾಲು ಮನೆ. ಅಂಥ ಒಂದು ಜಾಗಕ್ಕೆ ರಾಮದುರ್ಗ ಕಡೆಯ ನಮ್ಮ ಬೀಗರೊಬ್ಬರ ಜೊತೆ ನಾನೂ ಹೋಗಿದ್ದೆ. ನೆಲಕ್ಕೆ ಸುಣ್ಣದ ಗೆರೆ ಹಾಕಿದ್ದರು. ನಕಾಶೆ ಹಿಡಿದಿದ್ದ ಇಂಜಿನಿಯರ್ ರಸ್ತೆ, ಗಟಾರ, ಅಂಗನವಾಡಿ ಎಂದು ಒಂದೊಂದನ್ನೇ ತೋರಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡ ನಮ್ಮ ಬೀಗರು, ಎಪ್ಪತ್ತು ದಾಟಿದ ಮುದುಕರು, ಟೋಪಿ ತೆಗೆದು ತಲೆ ಒರೆಸಿಕೊಳ್ಳುತ್ತ ಕೇಳಿದರು: "ಸಾಹೇಬ್ರ, ಎಲ್ಲಾ ಚಲೋ ಐತಿ. ಆದ್ರ ದೈವ ಎಲ್ಲಿ ಕೂಡಬೇಕ್ರಿ?"

ಇಂಜಿನಿಯರ್ ಬೇರೆ ಸೀಮೆಯವರು. "ಗುಡಿಗೆ ಜಾಗ ಬಿಟ್ಟಿದೀವಿ ಅಜ್ಜಾ, ನಿಮ್ಮ ಮಸೀದಿಗೂ ಬಿಟ್ಟಿದೀವಿ" ಅಂದರು. ಸುತ್ತ ನಿಂತವರು ನಕ್ಕರು. ಬೀಗರು ನಗಲಿಲ್ಲ.

ತೊರಗಲ್ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಕಡೆ ದೈವ ಎಂದರೆ ದೇವರು ಮಾತ್ರವಲ್ಲ. ಊರಿನ ಹಿರಿಯರು ಒಂದು ಕಡೆ ಕೂತರೆ ಅದು ದೈವ. 'ದೈವ ಕೂಡಿಸು' ಎಂದರೆ ಊರ ಸಭೆ ಕರೆಯುವುದು. 'ದೈವದ ಮಾತು' ಎಂದರೆ ಆ ಸಭೆಯ ತೀರ್ಮಾನ. ಲಿಂಗಾಯತರು, ಕುರುಬರು, ಮುಸಲ್ಮಾನರು ಎಲ್ಲರ ಬಾಯಲ್ಲೂ ಇದೇ ಮಾತು. ಊರ ನಡುವಿನ ಜಾಗದಲ್ಲಿ ಏನು ನಿಲ್ಲಬೇಕು, ಅದಕ್ಕೆ ಯಾವ ಬಣ್ಣ, ಖರ್ಚು ಯಾರದು ಎಂಬುದನ್ನೆಲ್ಲ ಗೊತ್ತು ಮಾಡುತ್ತಿದ್ದದ್ದು ಈ ದೈವವೇ. ಬೀಗರು ಕೇಳಿದ್ದು ಗುಡಿಯ ಜಾಗವನ್ನಲ್ಲ, ಆ ಹಕ್ಕಿನ ಜಾಗವನ್ನು.

ಈ ಹಕ್ಕಿಗೆ ದೊಡ್ಡ ಇತಿಹಾಸವಿದೆ. ಶಾಸನಗಳಲ್ಲಿ 'ತೊರಗಲೆ ಆರು ಸಾವಿರ' ಎಂದು ಬರುವ ನಾಡು ಇದು. ಸವದತ್ತಿ ತಾಲ್ಲೂಕಿನ ಹೂಲಿ ಹಳೆಯ ಅಗ್ರಹಾರ. ಅಲ್ಲಿಯ ಶಾಸನಗಳಲ್ಲಿ ಊರಿನ ಸಾವಿರ ಮಹಾಜನರ ಮಾತು ಮತ್ತೆ ಮತ್ತೆ ಬರುತ್ತದೆ. ಹೂಲಿಯ ಪಂಚಲಿಂಗೇಶ್ವರ ಗುಡಿಯ ಮುಂದೆ ನಿಂತವರು ಯಾವ ಅರಸನ ಕಾಲದ್ದು ಎಂದು ಕೇಳುವುದು ರೂಢಿ. ಆದರೆ ಆ ಕಾಲದ ಊರುಗಳಲ್ಲಿ ಗುಡಿಗೆ ಭೂಮಿ ಬಿಡುವಾಗ, ದೀಪಕ್ಕೆ ಎಣ್ಣೆ ಗೊತ್ತು ಮಾಡುವಾಗ ಮಹಾಜನರು, ಸೆಟ್ಟಿಗಳು, ಗಾವುಂಡರು ಕೂಡಿರುತ್ತಿದ್ದರು. ಅರಸ ದತ್ತಿ ಕೊಟ್ಟಿರಬಹುದು, ನೋಡಿಕೊಳ್ಳುವ ಹೊಣೆ ಊರಿನದಾಗಿತ್ತು.

ಅರಸೊತ್ತಿಗೆಗಳು ಹೋದವು, ಪದ್ಧತಿ ಉಳಿಯಿತು. ದ್ಯಾಮವ್ವನ ಜಾತ್ರೆಯನ್ನೇ ನೋಡಿ. ಬೈಲಹೊಂಗಲ, ಕಿತ್ತೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಅದು ವರ್ಷವರ್ಷದ ಜಾತ್ರೆಯಲ್ಲ. ಐದೋ, ಏಳೋ, ಹನ್ನೆರಡೋ ವರ್ಷಕ್ಕೊಮ್ಮೆ ಬರುವಂಥದು. ಮೊದಲು ದೈವ ಕೂಡುತ್ತದೆ. ಮಳೆ ಬೆಳೆ ನೋಡಿ ಈ ವರ್ಷ ಆಗುತ್ತದೋ ಇಲ್ಲವೋ ಎಂಬ ಚರ್ಚೆ. ಆಮೇಲೆ ಮನೆಮನೆಗೆ ಪಟ್ಟಿ. ದ್ಯಾಮವ್ವ, ದುರ್ಗವ್ವರ ಮೂರ್ತಿಗಳು ಕಟ್ಟಿಗೆಯವು. ಜಾತ್ರೆಗೆ ಮುಂಚೆ ಅವು ಬಣ್ಣಕ್ಕೆ ಹೋಗುತ್ತವೆ. ಬಡಿಗೇರರೋ ಚಿತ್ರಗಾರರೋ ಹಳೆಯ ಬಣ್ಣ ಕೆರೆದು ಹೊಸದು ಹಚ್ಚುತ್ತಾರೆ, ಮುಕ್ಕಾದದ್ದನ್ನು ತಿದ್ದುತ್ತಾರೆ. ಊರಿನವರು ವಾರ ಹಿಡಿಯುತ್ತಾರೆ, ಗೊತ್ತಾದ ದಿನ ಹೊಲದ ಕೆಲಸವಿಲ್ಲ, ಬೀಸುವುದಿಲ್ಲ, ಹುರಿಯುವುದಿಲ್ಲ. ಬಣ್ಣ ಮುಗಿದ ಮೂರ್ತಿ ಹೊನ್ನಾಟದಲ್ಲಿ ಓಣಿ ಓಣಿ ತಿರುಗುವಾಗ ಊರೆಲ್ಲ ಭಂಡಾರದ ಹಳದಿ. ಕಣ್ಣು ಸರಿ ಬಂದಿಲ್ಲ, ಹೋದ ಸಲದ ಕಳೆ ಇಲ್ಲ ಎಂದು ಹೇಳುವ ಅಧಿಕಾರ ಪಟ್ಟಿ ಕೊಟ್ಟ ಪ್ರತಿ ಮನೆಗೂ ಉಂಟು. ನಮ್ಮ ಮನೆ ಆ ದೇವರನ್ನು ಪೂಜಿಸುವ ಮನೆಯಲ್ಲ. ಆದರೂ ನಮ್ಮ ಅಜ್ಜ ಪಟ್ಟಿ ತಪ್ಪಿಸಲಿಲ್ಲ. ಅದು ಪೂಜೆಯ ಹಣವಲ್ಲ, ಊರಿನವನೆಂಬ ಹಣ ಎನ್ನುತ್ತಿದ್ದರು.

ಮೊಹರಂ ಕೂಡ ಹೀಗೆಯೇ. ಒಂದೇ ಒಂದು ಮುಸ್ಲಿಂ ಮನೆ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂಡುವುದು ಉತ್ತರ ಕರ್ನಾಟಕದಲ್ಲಿ ಹೊಸ ಸಂಗತಿಯಲ್ಲ. ಚಂದ್ರ ಕಂಡ ಮೇಲೆ ಅಲಾಯಿ ಕುಣಿಗೆ ಗುದ್ದಲಿ ಹಾಕುತ್ತಾರೆ. ಬಿದಿರ ದಬ್ಬೆ, ಬಣ್ಣದ ಕಾಗದ ಕೂಡಿಸಿ ಡೋಲಿ ಕಟ್ಟುತ್ತಾರೆ. ಕಟ್ಟುವವರಲ್ಲಿ ಯಾವ ಜಾತಿಯವರೂ ಇದ್ದಾರು. ಹತ್ತು ದಿನದ ಮೇಲೆ ಅದು ಉಳಿಯುವುದಿಲ್ಲ, ಮುಂದಿನ ವರ್ಷ ಮತ್ತೆ ಕಟ್ಟಬೇಕು. ಇದು ಧರ್ಮಕ್ಕೆ ಒಪ್ಪುವ ಆಚರಣೆಯೇ ಎಂಬ ವಾದ ನಮ್ಮ ಜಮಾತಿನೊಳಗೇ ಉಂಟು. ಆ ವಾದ ಮಾಡುವವರನ್ನು ನಾನು ಹಗುರಾಗಿ ಕಾಣುವುದಿಲ್ಲ. ಬೇಡ ಎನ್ನುವವನಿಗೂ ಕೂಡಲು ಜಾಗವಿದ್ದರೆ ಮಾತ್ರ ಅದು ದೈವ.

ಇಷ್ಟು ಹೇಳಿ ಹಳೆಯದೆಲ್ಲ ಬಂಗಾರ ಎಂದುಬಿಟ್ಟರೆ ಸುಳ್ಳಾಗುತ್ತದೆ. ಆ ದೈವದಲ್ಲಿ ಕೂಡುತ್ತಿದ್ದವರು ಗಂಡಸರು. ಹಲಗೆ ಬಾರಿಸುವ, ಊರು ಬಳಿಯುವ ದಲಿತರಿಗೆ ದುಡಿಮೆಯಲ್ಲಿ ಪಾಲಿತ್ತು, ಕಟ್ಟೆಯ ಮೇಲೆ ಪಾಲಿರಲಿಲ್ಲ. ಅವರು ದೂರ ನಿಂತು ಕೇಳಬೇಕಿತ್ತು. ಹೆಂಗಸರ ಅಭಿಪ್ರಾಯ ಅಡುಗೆಮನೆಯಿಂದ ಗಂಡನ ಕಿವಿಯ ಮೂಲಕ ಬರಬೇಕಿತ್ತು. ಹೊಸ ಕಾಲ ಈ ತಪ್ಪು ತಿದ್ದಿ ಕಟ್ಟೆಯನ್ನು ಅಗಲ ಮಾಡಬೇಕಿತ್ತು. ಅದು ಕಟ್ಟೆಯನ್ನೇ ತೆಗೆಯಿತು.

ತೆಗೆದದ್ದು ಒಂದೇ ದಿನದಲ್ಲಲ್ಲ. 1970ರ ದಶಕದ ಆರಂಭಕ್ಕೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂತು. ಹಿನ್ನೀರಿಗೆ ರೇಣುಕಾಸಾಗರ ಎಂದು ಹೆಸರಾಯಿತು. ಹುಬ್ಬಳ್ಳಿ–ಧಾರವಾಡಕ್ಕೆ ಕುಡಿಯುವ ನೀರು, ಕಪ್ಪು ನೆಲಕ್ಕೆ ಕಾಲುವೆ ಸಿಕ್ಕಿತು. ಅದಕ್ಕಾಗಿ ಹಳ್ಳಿಗಳು ಮುಳುಗಿದವು. ಅದೇ ಜಿಲ್ಲೆಯ ಘಟಪ್ರಭೆಯ ಮೇಲೆ ಹಿಡಕಲ್ ಜಲಾಶಯವಾಯಿತು. ಅದರೊಳಗೆ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಇಂದಿಗೂ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮನೆಗೆ ಪರಿಹಾರ ಬರೆಯುವ ಕಾಗದದಲ್ಲಿ ಇಂಥದಕ್ಕೆ ಕಾಲಮ್ಮು ಇರುವುದಿಲ್ಲ.

ರಾಮದುರ್ಗದಾಚೆ ಬಾಗಲಕೋಟೆಯಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಆಲಮಟ್ಟಿ ಹಿನ್ನೀರಿಗೆ ಊರಿನ ದೊಡ್ಡ ಭಾಗ ಹೋಗುವುದೆಂದಾಗ ನವನಗರದ ಯೋಜನೆ ರೂಪಿಸಿದವರು ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಈ ನೆಲದ ಬಿಸಿಲು, ಅಂಗಳ, ಬದುಕು ಅರಿತು ಯೋಚಿಸುವ ಮನುಷ್ಯ. ರಸ್ತೆಗಳು ಅಗಲವಾದವು, ಗಾಳಿ ಬೆಳಕು ಬಂತು. ಆದರೆ ಓಣಿಗಳು ಸೆಕ್ಟರುಗಳಾದವು. ಬಾಗಲಕೋಟೆಯ ಹೆಸರಾದ ಹೋಳಿ ನಡೆದುಬಂದದ್ದು ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳ ಮೇಲೆ. ಸೆಕ್ಟರಿನ ಸಂಖ್ಯೆ ಹಿಡಿದು ಬಣ್ಣದ ಬಂಡಿ ಹೂಡುವುದನ್ನು ಜನ ಹೊಸದಾಗಿ ಕಲಿಯಬೇಕಾಯಿತು.

'ಆಸರೆ'ಯ ಹೊತ್ತಿಗೆ ಇದೆಲ್ಲ ಪಾಠವಾಗಬೇಕಿತ್ತು. ದಾನಿಗಳ ಮನಸ್ಸು ದೊಡ್ಡದೇ. ಅವರು ಕಟ್ಟಿಸದಿದ್ದರೆ ಎಷ್ಟೋ ಸಂಸಾರಗಳು ತಗಡಿನ ಶೆಡ್ಡಿನಲ್ಲೇ ಇರುತ್ತಿದ್ದವು. ಆದರೆ ನಾನು ಕಂಡ ಹೊಸ ಊರಿನಲ್ಲಿ ಬಾಗಿಲಿಗೆ ನಿಂತ ಕಮಾನಿನ ಮೇಲೆ ದಾನಿಯ ಹೆಸರಿತ್ತು, ಊರಿನ ಹೆಸರು ಅದರ ಕೆಳಗೆ ಸಣ್ಣಗೆ. ಕಮಾನು ಹೇಗಿರಬೇಕೆಂದು ಯಾರನ್ನೂ ಕೇಳಿರಲಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಕಡೆ ಆಸರೆ ಮನೆಗಳು ಖಾಲಿ ಬಿದ್ದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಮನೆ ಸಣ್ಣದು ಎಂಬ ಕಾರಣಗಳೇ ಮೊದಲು. ಕಟ್ಟೆ ಇಲ್ಲದ್ದು ಅವುಗಳ ಕೊನೆಗೆ ಬರುವ ಕಾರಣ. ಆದರೆ ಎಲ್ಲಕ್ಕೂ ಬೇರು ಒಂದೇ: ಯಾರೂ ಕೇಳಲಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ರಾಮದುರ್ಗ, ಮುನವಳ್ಳಿಗಳಿಗೆ ನುಗ್ಗಿದಾಗ ಸ್ಥಳಾಂತರದ ಮಾತು ಮತ್ತೆ ಎದ್ದಿತು.

ಕೇಳದೆ ನಿಲ್ಲಿಸಿದ್ದು ಬರೀ ಖಾಲಿ ಕೂರುವುದಿಲ್ಲ, ಜಗಳವನ್ನೂ ತರುತ್ತದೆ. 2020ರ ಆಗಸ್ಟ್‌ನಲ್ಲಿ ಬೆಳಗಾವಿ ಪಕ್ಕದ ಪೀರನವಾಡಿಯ ವೃತ್ತದಲ್ಲಿ ರಾತ್ರೋರಾತ್ರಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ನಿಂತಿತು. ಅದು ಶಿವಾಜಿ ಹೆಸರಿನ ವೃತ್ತವೆಂದು ಇನ್ನೊಂದು ಗುಂಪು ಎದ್ದಿತು. ಕೊನೆಗೆ ಎರಡೂ ಕಡೆಯವರನ್ನು ಕೂಡಿಸಿ ಮಾತಾಡಿದ ಮೇಲೆ ಪ್ರತಿಮೆ ರಾಯಣ್ಣನದು, ವೃತ್ತದ ಹೆಸರು ಶಿವಾಜಿಯದು ಎಂದಾಯಿತು. ಮೊದಲು ಮಾಡಬೇಕಾದದ್ದನ್ನು ಪೊಲೀಸರು ಬಂದ ಮೇಲೆ ಮಾಡಿದರು.

ಇದು ನಮ್ಮ ನಾಡಿನ ರೋಗ ಮಾತ್ರವಲ್ಲ. ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ 1981ರಲ್ಲಿ ರಿಚರ್ಡ್ ಸೆರಾ ಎಂಬ ದೊಡ್ಡ ಶಿಲ್ಪಿಯ ಉಕ್ಕಿನ ಗೋಡೆಯೊಂದು ನಿಂತಿತು. 120 ಅಡಿ ಉದ್ದ, 12 ಅಡಿ ಎತ್ತರ. ಅಲ್ಲಿ ಕೆಲಸ ಮಾಡುವವರು ದಿನವೂ ಅದನ್ನು ಸುತ್ತಿ ಹೋಗಬೇಕಾಯಿತು. ಬಹಿರಂಗ ವಿಚಾರಣೆ, ಕೋರ್ಟು ಎಲ್ಲ ಆಗಿ 1989ರಲ್ಲಿ ಅದನ್ನು ಕತ್ತರಿಸಿ ಒಯ್ದರು. ಸೋತದ್ದು ಜನರೋ ಕಲೆಯೋ ಎಂದು ಇಂದಿಗೂ ವಾದವಿದೆ. ಮರುವರ್ಷವೇ, 1990ರಲ್ಲಿ, ಫ್ರಾನ್ಸಿನಲ್ಲಿ ಫ್ರಾಂಸ್ವಾ ಎರ್ಸ್ ಎಂಬ ಕಲಾವಿದ ಬೇರೆ ದಾರಿ ತೋರಿಸಿದ. ಕಲೆಯನ್ನು ಮಾಡಿಸುವವರು ಸರ್ಕಾರವಲ್ಲ, ಶ್ರೀಮಂತರಲ್ಲ, ಅಲ್ಲಿ ವಾಸಿಸುವವರೇ. ತಮಗೆ ಏನು ಬೇಕು, ಯಾಕೆ ಬೇಕು ಎಂದು ಅವರು ಮೊದಲು ಹೇಳಬೇಕು. ನಡುವೆ ಒಬ್ಬ ಮಧ್ಯಸ್ಥ ಇದ್ದು ತಕ್ಕ ಕಲಾವಿದನನ್ನು ಹುಡುಕಿ ತರಬೇಕು. 'ಹೊಸ ಪೋಷಕರು' ಎಂದು ಅದಕ್ಕೆ ಹೆಸರು. ಅದರ ಬಗ್ಗೆ ಓದಿದಾಗ ನನಗೆ ನೆನಪಾದದ್ದು ನಮ್ಮ ಊರಿನ ಪಟ್ಟಿ, ಬಡಿಗೇರ ಮತ್ತು ದೈವ.

ಜನರನ್ನು ಕೇಳಿದರೆ ಒರಟು ಕಲೆ ಸಿಗುತ್ತದೆ ಎಂದು ತಿಳಿದವರು ಹೇಳುವುದುಂಟು. ಅಂಥವರು ನಂದಗಡಕ್ಕೆ ಹೋಗಿಬರಬೇಕು. ರಾಯಣ್ಣನನ್ನು ಅಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿಸಿದರು. ಅವನ ಸಮಾಧಿಯ ಹತ್ತಿರ ಒಂದು ಆಲದ ಮರವಿದೆ. ಮಕ್ಕಳಿಲ್ಲದ ಹೆಂಗಸರು ಹರಕೆ ಹೊತ್ತು ಅದಕ್ಕೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ, ರಾಯಣ್ಣನಂಥ ಮಗ ಹುಟ್ಟಲಿ ಎಂದು. ಹರಕೆಯನ್ನು ನಾವು ಒಪ್ಪಲಿ ಬಿಡಲಿ, ನೇಣಿನ ನೆನಪಿಗೆ ತೊಟ್ಟಿಲನ್ನು ಜೋಡಿಸಿದ ಆ ಕಲ್ಪನೆ ಯಾವ ಸಮಿತಿಗೂ ಹೊಳೆದದ್ದಲ್ಲ. ಕಟ್ಟೆಯ ಮೇಲೆ ಎಂದೂ ಕೂಡದ ಹೆಂಗಸರಿಗೆ ಹೊಳೆದದ್ದು.

ಹಾಗಾಗಿ ಹೊಸ ಬಡಾವಣೆ ಕಟ್ಟುವವರಲ್ಲಿ ಕೇಳುವುದು ದೊಡ್ಡದೇನಲ್ಲ. ನಕಾಶೆಯ ನಡುವೆ ಒಂದು ಚೌಕವನ್ನು ಖಾಲಿ ಬಿಡಿ. ಕಮಾನು, ಕಾರಂಜಿ, ಪ್ರತಿಮೆಯ ಟೆಂಡರ್ ಆಗಲೇ ಕರೆಯಬೇಡಿ. ಜನ ಬಂದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ನೆರಳು ಎಲ್ಲಿ ಬೀಳುತ್ತದೆ, ಹೆಂಗಸರು ಎಲ್ಲಿ ನಿಂತು ಮಾತಾಡುತ್ತಾರೆ ಎಂಬುದು ತಾನೇ ಗೊತ್ತಾಗುತ್ತದೆ. ಆಮೇಲೆ ಓಣಿ ಓಣಿಯಾಗಿ ಕೇಳಿ. ಹೆಂಗಸರನ್ನು ಅವರ ಬಿಡುವಿನ ಹೊತ್ತಿಗೆ ಬೇರೆಯಾಗಿ ಕೇಳಿ. ದಲಿತರ ಓಣಿಯನ್ನು ಕೊನೆಗಲ್ಲ, ಮೊದಲು ಕೇಳಿ. ಮನುಷ್ಯರೂಪದ ಮೂರ್ತಿ ಬೇಡ ಎನ್ನುವ ಮನೆಗಳಿದ್ದರೆ ಆ ಮಾತೂ ದಾಖಲಾಗಲಿ. ಒಂದು ಬಾವಿಕಟ್ಟೆ, ಕೆತ್ತಿದ ಕಲ್ಲು, ಬಣ್ಣದ ಗೋಡೆ, ಮುಳುಗಿದ ಊರಿನ ಓಣಿಗಳ ಹೆಸರು ಕೊರೆದ ಚಪ್ಪಡಿ, ಏನೂ ಆಗಬಹುದು. ಮಾಡುವವನು ಕೆಲಸ ಬಲ್ಲವನಿರಲಿ, ಮಾಡಿಸುವವರು ಅಲ್ಲಿಯವರಿರಲಿ.

ನಮ್ಮ ಬೀಗರು ಹೊಸ ಊರಿನಲ್ಲಿ ಹೆಚ್ಚು ಕಾಲ ಬದುಕಲಿಲ್ಲ. ಅವರು ಹೋದ ಮೇಲೆ ಒಮ್ಮೆ ಆ ಕಡೆ ಹೋಗಿದ್ದೆ. ಎರಡು ಸಾಲಿನ ನಡುವೆ ನಕಾಶೆಯಲ್ಲಿ ಇಲ್ಲದ ಜಾಗದಲ್ಲಿ ಬೇವಿನ ಗಿಡವೊಂದು ಆಳೆತ್ತರ ಬೆಳೆದಿತ್ತು. ಅದರ ಬುಡಕ್ಕೆ ಹಳೆಯ ಊರಿನಿಂದ ಟ್ರ್ಯಾಕ್ಟರಿನಲ್ಲಿ ಹೇರಿ ತಂದ ನಾಲ್ಕು ಕಲ್ಲು ಹಾಕಿದ್ದರು. ಅಗಸಿಯ ಕಲ್ಲುಗಳಂತೆ. ಮೇಲೆ ಮೂವರು ಗಂಡಸರು ಕೂತಿದ್ದರು, ತುಸು ದೂರದಲ್ಲಿ ಇಬ್ಬರು ಹೆಂಗಸರು ನಿಂತು ಕೇಳುತ್ತಿದ್ದರು. ಕೂಡಲು ಇನ್ನೂ ಎರಡು ಕಲ್ಲು ಬೇಕಾಗಿದ್ದವು.