ಮೈಲುತುತ್ತದ ಲೆಕ್ಕ, ಕತ್ತಿಯ ಸಾಕ್ಷಿ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಬಂದ ಕಥೆ ಹೇಳುವಾಗ ಎಲ್ಲರೂ ಅದರಲ್ಲಿರುವ ಮೈಲುತುತ್ತದ (ತಾಮ್ರದ ಸಲ್ಫೇಟ್) ಗುಣವನ್ನೇ ಹೊಗಳುತ್ತಾರೆ. ತೋಟ ಉಳಿದ ಶ್ರೇಯಸ್ಸಿನಲ್ಲಿ ಹೆಚ್ಚಿನ ಪಾಲು ಅದನ್ನು ಎಷ್ಟು ತೆಳು ಮಾಡಬೇಕೆಂದು ಕಂಡುಕೊಂಡ ಲೆಕ್ಕಕ್ಕೆ ಸೇರಬೇಕು ಎಂಬುದು ನನ್ನ ವಾದ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಆಷಾಢದಲ್ಲಿ ಜಡಿಮಳೆ ಹಿಡಿದರೆ ಎಳೆಗಾಯಿಯ ಮೇಲೆ ನೀರುಕಲೆ ಎದ್ದು, ಬಿಳಿ ಬೂಸ್ಟು ಹಬ್ಬಿ, ಗೊನೆಗೆ ಗೊನೆಯೇ ಉದುರುತ್ತದೆ. ಹಿಂದಿನವರು ಇದಕ್ಕೆ ಕರಡದ ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಕೊಟ್ಟೆ ಕಟ್ಟುತ್ತಿದ್ದರು. ಗೊನೆ ನೆನೆಯದಿದ್ದರೆ ರೋಗವಿಲ್ಲ ಎಂಬ ಅವರ ತಿಳಿವಳಿಕೆ ಸರಿಯಾಗಿಯೇ ಇತ್ತು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗ ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿಯಿಂದ ಬರುತ್ತದೆಂದು ಬರೆದರು. ಈ ತಾಲ್ಲೂಕುಗಳಿರುವ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಆದರೆ ಘಟ್ಟದ ಮೇಲೂ ಕೆಳಗೂ ರೋಗ ಒಂದೇ, ಕೊನೆಗೆ ಮದ್ದೂ ಒಂದೇ ಆಯಿತು.

ಆ ಮದ್ದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. 1885ರಲ್ಲಿ ಸಸ್ಯವಿಜ್ಞಾನಿ ಮಿಲಾರ್ದೆ ಪ್ರಕಟಿಸಿದ ಮೊದಲ ಪಾಕದಲ್ಲಿ 100 ಲೀಟರ್ ನೀರಿಗೆ 8 ಕಿಲೋ ಮೈಲುತುತ್ತ, 30 ಲೀಟರಿಗೆ 15 ಕಿಲೋ ಸುಣ್ಣ. ಎರಡೂ ಸೇರಿದಾಗ ಮೈಲುತುತ್ತದ ಪ್ರಮಾಣ ಹೆಚ್ಚುಕಡಿಮೆ ಶೇ. 6. ಇಂದು ನಮ್ಮ ತೋಟಗಳಲ್ಲಿ ಹೊಡೆಯುವುದು ಶೇ. 1ರದ್ದು, ಅಂದರೆ ಅದರ ಆರನೆಯ ಒಂದು ಪಾಲು. ಬ್ರಿಟಿಷರ ಕಾಲದ ಅಳತೆಯಲ್ಲಿ ಇದು 5 ಪೌಂಡ್ ಮೈಲುತುತ್ತ, 5 ಪೌಂಡ್ ಸುಣ್ಣ, 50 ಗ್ಯಾಲನ್ ನೀರು. ಒಂದು ಗ್ಯಾಲನ್ ನೀರಿನ ತೂಕ 10 ಪೌಂಡ್ ಆದ್ದರಿಂದ 500ಕ್ಕೆ 5, ನೂರಕ್ಕೆ ಒಂದು. ಈಗ 1 ಕಿಲೋ, 1 ಕಿಲೋ, 100 ಲೀಟರ್. ಒಂದು ಕಿಲೋ ಮೈಲುತುತ್ತವನ್ನು ಮೊದಲೇ 10 ಲೀಟರಿನಲ್ಲಿ ಕರಗಿಸಿಟ್ಟರೆ ಅದು ಶೇ. 10ರ ಗಟ್ಟಿ ದ್ರಾವಣ. ಅದನ್ನು 90 ಲೀಟರ್ ಸುಣ್ಣದ ನೀರಿಗೆ ಹೊಯ್ದರೆ ಶೇ. 1. ನೀರು ಹತ್ತು ಪಟ್ಟಾದಾಗ ಬಲ ಹತ್ತನೆಯ ಒಂದಕ್ಕೆ ಇಳಿಯುತ್ತದೆ, ಒಟ್ಟು ತಾಮ್ರ ಮಾತ್ರ ಅಷ್ಟೇ ಇರುತ್ತದೆ: ಸುಮಾರು 250 ಗ್ರಾಂ.

ಲೆಕ್ಕ ಇಷ್ಟು ಸರಳವಾದರೆ ಅದನ್ನು ಇಷ್ಟು ದೊಡ್ಡದು ಮಾಡುವುದೇಕೆ ಎಂದು ಯಾರಾದರೂ ಕೇಳಬಹುದು. ತೊಡಕಿರುವುದು ಸುಣ್ಣದಲ್ಲಿ. ರಸಾಯನಶಾಸ್ತ್ರದ ಪ್ರಕಾರ ಒಂದು ಕಿಲೋ ಮೈಲುತುತ್ತದ ಹುಳಿ ಕಳೆಯಲು ಶುದ್ಧ ಸುಟ್ಟ ಸುಣ್ಣ ಕಾಲು ಕಿಲೋಗೂ ಕಡಿಮೆ ಸಾಕು. ಆದರೂ ಸಮಸಮ ಹಾಕುತ್ತಾರೆ, ಏಕೆಂದರೆ ಸುಣ್ಣದ ಸತ್ವ ತೂಕದಿಂದ ತಿಳಿಯದು. ಚಿಪ್ಪಿ ಸುಟ್ಟ ಸುಣ್ಣ ಗೂಡಿನಿಂದ ಗೂಡಿಗೆ ಬೇರೆ; ಗಾಳಿಗೆ ತೆರೆದಿಟ್ಟದ್ದು ದಿನೇ ದಿನೇ ಸಪ್ಪೆಯಾಗುತ್ತದೆ. ಸುಣ್ಣ ಸಾಲದೆ ಉಳಿದ ತಾಮ್ರ ಎಳೆಗಾಯಿಯನ್ನೇ ಸುಡುತ್ತದೆ. ಇದಕ್ಕೆ ತೋಟದಲ್ಲಿರುವ ಪರೀಕ್ಷೆ ಕತ್ತಿ. ಉಜ್ಜಿ ಹೊಳಪಾದ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕಬ್ಬಿಣದ ಮೇಲೆ ಕೆಂಪು ತಾಮ್ರ ಕೂತಿದ್ದರೆ ಇನ್ನಷ್ಟು ಸುಣ್ಣ ಬೇಕು. ಅಲಗು ಬೆಳ್ಳಗೇ ಬಂದರೆ ಮದ್ದು ಹದಕ್ಕೆ ಬಂದಿದೆ. ಕಾಗದದ ಮೇಲಿನ ಲೆಕ್ಕ ಎಲ್ಲಿ ಸೋಲುತ್ತದೋ ಅಲ್ಲಿ ಈ ಕತ್ತಿ ಸಾಕ್ಷಿ ಹೇಳುತ್ತದೆ. ನೂರು ವರ್ಷದ ಈ ಕಸುಬಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇದೇ.

ಇಂಥ ಮಳೆಯಲ್ಲಿ ಮದ್ದು ತೊಳೆದುಹೋಗುತ್ತದಲ್ಲ, ಇನ್ನಷ್ಟು ಗಟ್ಟಿ ಮಾಡಬಾರದೇ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಗೊನೆಯ ಮೇಲೆ ಒಣಗಿದ ನೀಲಿ ಪೊರೆ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅಂಟಿಗೆಂದು ರಾಳ ಸೇರಿಸುವ ರೂಢಿಯೂ ಇದೆ. ರಕ್ಷಣೆ ತಪ್ಪಲು ಇನ್ನೊಂದು ಕಾರಣ, ಕಾಯಿ ಬೆಳೆಯುತ್ತಾ ಪೊರೆಯಿಲ್ಲದ ಹೊಸ ಮೈ ತೆರೆದುಕೊಳ್ಳುವುದು. ಮದ್ದನ್ನು ಎಷ್ಟೇ ಗಟ್ಟಿ ಮಾಡಿದರೂ ಆ ಜಾಗ ಮುಚ್ಚದು. ಆದ್ದರಿಂದಲೇ ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಕಳೆದು ಹೊಳವಾದಾಗ ಇನ್ನೊಮ್ಮೆ, ಅಡಿಕೆ ಮರ ಹತ್ತುವ ಕಸುಬಿನ ಕೊನೆಗೌಡ ಅದೇ ಶೇ. 1ರ ಮದ್ದಿನೊಂದಿಗೆ ಮೇಲೇರುತ್ತಾನೆ.