ಪೋವಿಕ್ ಆಸ್ಪತ್ರೆಯ ಔಷಧವೂ ಫ್ರಾಯ್ಡ್‌ನ ಸುಪ್ತ ಮನಸ್ಸೂ

ಬಿ.ಎಡ್. ವ್ಯಾಸಂಗದ ದಿನಗಳಲ್ಲಿ ಫ್ರಾಯ್ಡ್‌ನನ್ನು ನಾವು ಕಲಿತದ್ದು ಒಂದು ಹಿಮಬಂಡೆಯ ಚಿತ್ರದ ಮೂಲಕ. ನೀರಿನ ಮೇಲಿನ ತುದಿ ಜಾಗೃತ ಮನಸ್ಸು, ಮುಳುಗಿದ ದೊಡ್ಡ ಭಾಗ ಸುಪ್ತ ಮನಸ್ಸು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಮುಳುಗಿದ ಆ ಭಾಗವನ್ನು ಔಷಧವೊಂದರಿಂದ ಮೇಲೆತ್ತಲು ವೈದ್ಯರು ಯತ್ನಿಸಿದ್ದರೆಂಬುದನ್ನು ನಾನು ಓದಿದ್ದು ನಿವೃತ್ತಿಯ ನಂತರ. ಈಗ ವೈದ್ಯನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ, “ಮೇಷ್ಟ್ರೇ, ಭ್ರಮೆ ಹುಟ್ಟಿಸುವ ಮದ್ದಿನಿಂದ ಖಿನ್ನತೆಗೆ ಚಿಕಿತ್ಸೆ ಎನ್ನುತ್ತಿದ್ದಾರಲ್ಲ, ಇದರ ಚರಿತ್ರೆ ಏನು?” ಎಂದು ಕೇಳಿದ್ದೇ ಅದಕ್ಕೆ ಕಾರಣ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಸಂಸ್ಥೆಯಲ್ಲಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿದನು. ಅದರ ವಿಚಿತ್ರ ಪ್ರಭಾವ ಅವನ ಅನುಭವಕ್ಕೆ ಬಂದದ್ದು 1943ರ ಏಪ್ರಿಲ್‌ನಲ್ಲಿ. 1952ರಲ್ಲಿ ರೊನಾಲ್ಡ್ ಸ್ಯಾಂಡಿಸನ್ ಎಂಬ ಆಂಗ್ಲ ಮನೋವೈದ್ಯನು ಬಾಸೆಲ್‌ಗೆ ಹೋಗಿ ಆ ಔಷಧವನ್ನು ತನ್ನ ದೇಶಕ್ಕೆ ತಂದನು. ವೂಸ್ಟರ್‌ಷೈರ್ ಸೀಮೆಯ ಪೋವಿಕ್ ಆಸ್ಪತ್ರೆ ಅವನ ಕಾರ್ಯಕ್ಷೇತ್ರ. (ಸಂಗೀತಪ್ರಿಯರು ಗಮನಿಸಿ: ಎಲ್ಗರ್ ತನ್ನ ಯೌವನದಲ್ಲಿ ಇದೇ ಆಸ್ಪತ್ರೆಯ ವಾದ್ಯವೃಂದವನ್ನು ನಡೆಸುತ್ತಿದ್ದನು.)

ಸ್ಯಾಂಡಿಸನ್ ಯೂಂಗ್‌ನ ವಿಚಾರಗಳಿಗೆ ಒಲಿದವನು. ವರ್ಷಗಟ್ಟಲೆ ಮಾತನಾಡಿದರೂ ಅಲುಗದ ರೋಗಿಗಳಲ್ಲಿ ಈ ಔಷಧವು ಮನಸ್ಸಿನ ಕಾವಲನ್ನು ಸಡಿಲಿಸುತ್ತದೆ, ಅದುಮಿಟ್ಟ ಬಾಲ್ಯದ ಸ್ಮೃತಿಗಳು ಮರುಕಳಿಸುತ್ತವೆ ಎಂಬುದು ಅವನ ನಂಬಿಕೆ. ವ್ಯಕ್ತಿಯ ಸ್ವಂತ ನೆನಪನ್ನು ಮೀರಿದ ಪುರಾಣಸದೃಶ ಬಿಂಬಗಳನ್ನು ಅವನು ಯೂಂಗ್ ಹೇಳಿದ ಸಾಮೂಹಿಕ ಸುಪ್ತಪ್ರಜ್ಞೆಯ ಕುರುಹುಗಳೆಂದು ಓದಿದನು. 36 ರೋಗಿಗಳ ವಿವರವುಳ್ಳ ವರದಿ 1954ರಲ್ಲಿ ಪ್ರಕಟವಾಯಿತು. ಮರುವರ್ಷ ಪ್ರತ್ಯೇಕ ಘಟಕವೇ ತೆರೆಯಿತು. ಸೋಜಿಗವೆಂದರೆ, ಸ್ವತಃ ಯೂಂಗ್ ಇಂಥ ಔಷಧಗಳನ್ನು ಸಂಶಯದಿಂದಲೇ ಕಂಡನು. ಸುಪ್ತಪ್ರಜ್ಞೆಯಿಂದ ಬಂದದ್ದನ್ನು ಅರಗಿಸಿಕೊಳ್ಳುವ ನೈತಿಕ ಹೊಣೆ ಮನುಷ್ಯನ ಮೇಲಿದೆ, ಔಷಧವು ಆ ಹೊರೆಯನ್ನು ಹೆಚ್ಚಿಸುತ್ತದೆಯೇ ಹೊರತು ಹೊರುವ ಶಕ್ತಿಯನ್ನು ಕೊಡುವುದಿಲ್ಲ ಎಂಬುದು ಅವನ ಆತಂಕ.

ನನಗೆ ಫ್ರಾಯ್ಡ್‌ನ ಹಳೆಯ ಅನುಭವವೂ ನೆನಪಾಗುತ್ತದೆ. ಸಂಮೋಹನದಿಂದ ನೆನಪುಗಳನ್ನು ಹೊರತೆಗೆಯುವ ಮಾರ್ಗವನ್ನು ಅವನು ಮೊದಲು ಹಿಡಿದು, ಆಮೇಲೆ ಕೈಬಿಟ್ಟಿದ್ದನು. ರೋಗಿ ಎಚ್ಚರದಲ್ಲಿದ್ದು, ತಡವರಿಸಿ, ತಾನೇ ಹೇಳಬೇಕೆಂಬುದು ಅವನ ಕಡೆಯ ನಿಲುವು. 1897ರಲ್ಲಿ ರೋಗಿಗಳು ಹೇಳಿದ ಬಾಲ್ಯದ ಘಟನೆಗಳು ನಿಜವಾಗಿಯೂ ನಡೆದವೇ ಎಂಬ ಶಂಕೆಯೂ ಅವನಿಗೆ ಬಂದಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಶಾಸನದ ಕಾಲನಿರ್ಣಯ ಹೇಗೆಂದು ಪಾಠ ಮಾಡಿದ ನನಗೆ ಈ ಶಂಕೆಯೇ ಇಡೀ ಪ್ರಕರಣದ ತಿರುಳಾಗಿ ಕಾಣುತ್ತದೆ. ದೊರೆತ ಶಾಸನವೆಲ್ಲ ಅಸಲಿಯಲ್ಲ, ಕೂಟಶಾಸನಗಳೂ ಉಂಟು. ಔಷಧದ ಅಮಲಿನಲ್ಲಿ ಕಣ್ಣಿಗೆ ಕಟ್ಟಿದ ನೆನಪು ಎಷ್ಟೇ ಸ್ಪಷ್ಟವಾಗಿದ್ದರೂ, ಆ ಸ್ಪಷ್ಟತೆಯೇ ಅದರ ಸತ್ಯಕ್ಕೆ ಪ್ರಮಾಣವಾದೀತೇ?

ಪ್ರಾಗ್‌ನಲ್ಲಿ ಫ್ರಾಯ್ಡ್‌ನ ಪಂಥದಲ್ಲಿ ಪಳಗಿದ ಸ್ಟಾನಿಸ್ಲಾವ್ ಗ್ರೋಫ್ ಇನ್ನೂ ಮುಂದೆ ಹೋಗಿ, ರೋಗಿಗಳು ತಮ್ಮ ಜನನದ ಕ್ಷಣಗಳನ್ನೇ ಮರಳಿ ಅನುಭವಿಸುತ್ತಾರೆಂದನು. ಆಟೋ ರ‍್ಯಾಂಕ್ 1924ರಲ್ಲೇ ಜನನದ ಆಘಾತವನ್ನು ಕುರಿತು ಗ್ರಂಥ ಬರೆದಿದ್ದನು. ಗ್ರೋಫ್‌ನ ವಾದವನ್ನು ನಾನು ಒಪ್ಪಲಾರೆ. ನವಜಾತ ಶಿಶು ಅಂಥ ಚಿತ್ರಗಳನ್ನು ನೆನಪಿಟ್ಟುಕೊಳ್ಳಬಲ್ಲದೆಂಬುದಕ್ಕೆ ಆಧಾರ ಸಾಲದು.

ಸ್ಯಾಂಡಿಸನ್ 1964ರಲ್ಲಿ ಪೋವಿಕ್ ಬಿಟ್ಟನು; 1966ರ ವೇಳೆಗೆ ಚಿಕಿತ್ಸೆ ನಿಂತಿತು. ಅಷ್ಟರಲ್ಲಿ 683 ರೋಗಿಗಳಿಗೆ 13,785 ಬಾರಿ ಔಷಧ ಕೊಡಲಾಗಿತ್ತು. ಇವರಲ್ಲಿ ಗುಣ ಕಂಡೆವೆಂದವರೂ ಇದ್ದರು. ಆದರೆ ದಶಕಗಳ ನಂತರ ಕೆಲವರು, ತಮಗೆ ಅಪಾಯವನ್ನು ಸರಿಯಾಗಿ ತಿಳಿಸಿರಲಿಲ್ಲ, ಭಯಾನಕ ದೃಶ್ಯಗಳು ಇಂದಿಗೂ ಮರುಕಳಿಸುತ್ತಿವೆ ಎಂದು ದೂರಿದರು. 2002ರಲ್ಲಿ 43 ಮಂದಿಗೆ ಒಟ್ಟು 1,95,000 ಪೌಂಡುಗಳ ಪರಿಹಾರವು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಹಂಚಿದರೆ ತಲೆಗೆ ಐದು ಸಾವಿರ ಪೌಂಡೂ ಆಗದು.

ಲಂಡನ್ನಿನ ಸಂಶೋಧಕರು 2010ರಿಂದೀಚೆಗೆ ಫ್ರಾಯ್ಡ್‌ನ ‘ಅಹಂ’ ಎಂಬ ಕಲ್ಪನೆಯನ್ನು ಮಿದುಳಿನ ಜಾಲವೊಂದರ ಚಟುವಟಿಕೆಯೊಡನೆ ಹೋಲಿಸಿ ಈ ವಿಚಾರಕ್ಕೆ ಮರುಜೀವ ಕೊಟ್ಟಿದ್ದಾರೆ. ಅದನ್ನು ತೂಗಿ ನೋಡುವ ಯೋಗ್ಯತೆ ನನ್ನದಲ್ಲ. ನನ್ನ ವೈದ್ಯ ಶಿಷ್ಯನಿಗೆ ಪೋವಿಕ್‌ನ ಆ ಎರಡು ಅಂಕಿಗಳನ್ನು ಬರೆದು ಕಳುಹಿಸಿದ್ದೇನೆ; ಉತ್ತರಕ್ಕಾಗಿ ಕಾಯುತ್ತಿದ್ದೇನೆ.